ಹ್ಯಾಂಡಲ್ ಎತ್ತಿಸುವ ಮೊದಲು ಅಲೆನ್ ಕೀ ತಗೋ

ಅಳಿಯಾ, ಬೆಳಿಗ್ಗೆಯಿಂದ ಗ್ರೂಪಲ್ಲಿ ಎಲ್ಲರೂ ನಿನಗೆ ಒಂದೊಂದು ಹೇಳಿದ್ದಾರೆ. ಟೈಪ್ ಮಾಡಿದರೆ ಮುಗಿಯಲ್ಲ ಅಂತ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಊಟ ಮಾಡ್ತಾ ಕೇಳು. ನಿನ್ನ ಕಷ್ಟ ಇಷ್ಟು, ಅಲ್ವಾ? ದಾವಣಗೆರೆಯಿಂದ ಬೆಂಗಳೂರಿಗೆ ಬೈಕಲ್ಲಿ ಹೊರಟರೆ ಹಿರಿಯೂರು ಬರುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತವೆ. ಭುಜ ಬಿಗಿಯುತ್ತದೆ. ಅಂಗಡಿಯವನು ಎರಡಿಂಚಿನ ರೈಸರ್, ಅಂದರೆ ಹ್ಯಾಂಡಲ್ ಎತ್ತರಿಸುವ ತುಂಡು, ಹಾಕಿಸು, ಎಲ್ಲ ಸರಿ ಹೋಗುತ್ತದೆ ಅಂದಿದ್ದಾನೆ.

ಈಗಲೇ ಹಾಕಿಸಬೇಡ. ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಬ್ರೇಕ್, ಕ್ಲಚ್ ಲಿವರ್ ಮೇಲೆ ಬೆರಳಿಟ್ಟಿದ್ದೀಯಲ್ಲ, ಮಣಿಕಟ್ಟಿನ ಮೇಲೆ ಚರ್ಮ ಮಡಿಕೆ ಬಿದ್ದಿದೆ. ಅಂದರೆ ಕೈ ಹಿಂದಕ್ಕೆ ಮಡಚಿಕೊಂಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹೋಗುವ ನರ ಮಣಿಕಟ್ಟಿನ ಸಂದಿಯಲ್ಲೇ ಹಾದುಹೋಗುತ್ತದೆ. ಗಂಟೆಗಟ್ಟಲೆ ಹೀಗೆ ಮಡಚಿ ಹಿಡಿದರೆ ಅದು ಅಮುಕಿಕೊಳ್ಳುತ್ತದೆ, ಮೇಲೆ ಇಂಜಿನ್ ನಡುಕ ಬೇರೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿದ್ದರೆ ಅಂಗೈ ಬುಡದ ಮೇಲೆ ಭಾರ ಬೀಳುತ್ತಿದೆ ಅನ್ನಬಹುದಿತ್ತು. ನಿಂದು ಹಾಗಲ್ಲ. ನಿನ್ನ ಲಿವರ್‌ಗಳು ತೀರಾ ಮೇಲೆ ನೋಡುತ್ತಿವೆ, ನನಗೆ ಕಾಣುವುದು ಅದು. ಎರಡಿಂಚು ಎತ್ತಿಸಿದರೂ ಲಿವರ್ ಹಾಗೇ ಇದ್ದರೆ ಕೈ ಮಡಚುವುದು ಪೂರ್ತಿ ಹೋಗಲ್ಲ.

ಮೊದಲು ಇದನ್ನು ಮಾಡು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕು. ಹೈವೇಯಲ್ಲಿ ಕೂರುವ ಹಾಗೇ ಕೂತು ಕಣ್ಣು ಮುಚ್ಚು. ಭುಜ ಸಡಿಲ ಬಿಟ್ಟು ಎರಡೂ ಕೈ ಸುಮ್ನೆ ಮುಂದಕ್ಕೆ ಚಾಚು. ಕೈ ಎಲ್ಲಿಗೆ ಬಂತೋ ಹ್ಯಾಂಡಲ್ ಅಲ್ಲಿರಬೇಕು. ಮೊಣಕೈ ಸ್ವಲ್ಪ ಬಾಗಿರಲಿ. ನೆಟ್ಟಗೆ ಬಿಗಿದಿದ್ದರೆ ಪ್ರತಿ ಹಂಪ್‌ನ ಏಟು ನೇರ ಭುಜಕ್ಕೆ ಹೋಗುತ್ತದೆ. ಆಮೇಲೆ ಬೆರಳು ಚಾಚಿ ಲಿವರ್ ಮೇಲಿಡು. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರುವಷ್ಟು ಲಿವರನ್ನು ಕೆಳಕ್ಕೆ ತಿರುಗಿಸು. ಲಿವರನ್ನು ಹ್ಯಾಂಡಲ್‌ಗೆ ಬಿಗಿದಿರುವ ಕ್ಲಾಂಪ್ ಬೋಲ್ಟನ್ನು ಅಲೆನ್ ಕೀಯಲ್ಲಿ, ಅಂದರೆ ಆರು ಮೂಲೆಯ ಬಾಗಿದ ಕೀಲಿಯಲ್ಲಿ, ಸಡಿಲ ಮಾಡಿದರೆ ಸಾಕು, ಪೂರ್ತಿ ಬಿಚ್ಚಬೇಡ. ಬ್ರೇಕ್ ಆಯಿಲ್ ಡಬ್ಬಿ ಮಾತ್ರ ಹೆಚ್ಚುಕಮ್ಮಿ ಮಟ್ಟವಾಗಿಯೇ ಇರಬೇಕು, ಅದು ವಾಲುವಷ್ಟು ತಿರುಗಿಸಬೇಡ.

ಇನ್ನೂ ದೂರ ಅನ್ನಿಸಿದರೆ ಹ್ಯಾಂಡಲನ್ನೇ ಒಂದು ಚೂರು ನಿನ್ನ ಕಡೆ ತಿರುಗಿಸಬಹುದು. ಈಗಿನ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಕೊಂಡೇ ಹ್ಯಾಂಡಲ್ ಹಿಡಿದಿರುವ ನಾಲ್ಕು ಬೋಲ್ಟ್ ಸಡಿಲ ಮಾಡು. ಇದೆಲ್ಲ ಕಾಸು ಖರ್ಚಿಲ್ಲದ ಕೆಲಸ. ಅದಕ್ಕೇ ಅಂಗಡಿಯವನು ಹೇಳಿಲ್ಲ.

ಹ್ಯಾಂಡಲ್ ಎತ್ತರ ಆದಷ್ಟೂ ಆರಾಮ ಅನ್ನುವುದು ಊರೊಳಗೆ ನಿಜ. ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿಬರಲು ನೆಟ್ಟಗೆ ಕೂತರೆ ರಾಜನ ಹಾಗೆ ಇರುತ್ತದೆ. ಹೈವೇಯಲ್ಲಿ ಲೆಕ್ಕ ಬೇರೆ. ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ಒತ್ತಡ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ! ಆಷಾಢದಲ್ಲಿ ಅಲ್ಲಿ ಎದೆ ಸೆಟೆಸಿ ಕೂತು ಹೋಗಿ ನೋಡು. ಗಾಳಿ ಹಿಂದಕ್ಕೆ ತಳ್ಳುತ್ತದೆ, ಬೀಳದಿರಲು ನೀನು ಹ್ಯಾಂಡಲನ್ನು ಎಳೆದು ಹಿಡಿಯುತ್ತೀಯ, ಸ್ವಲ್ಪ ಹೊತ್ತಿಗೆ ಭುಜ ಬಿಗಿಯಿತು. ಸಾಲದ್ದಕ್ಕೆ ಮೈಭಾರ ಪೂರ್ತಿ ಬೆನ್ನುಮೂಳೆಯ ಬುಡಕ್ಕೆ. ಸೊಂಟದಿಂದ ಒಂಚೂರು ಮುಂದೆ ಬಾಗಿದರೆ ಆ ಗಾಳಿಯೇ ಎದೆಗೆ ಆಸರೆ ಆಗುತ್ತದೆ, ಕೈಮೇಲಿನ ಭಾರ ಇಳಿಯುತ್ತದೆ. ತೀರಾ ಬಾಗಿದರೆ ಮಣಿಕಟ್ಟು, ಕುತ್ತಿಗೆ ಹೋಯಿತು, ಅದೂ ಬೇಡ.

ಇಷ್ಟು ಮಾಡಿ ಹೊಸಪೇಟೆವರೆಗೆ ಒಂದು ಸಲ ಹೋಗಿ ಬಾ. ಆಮೇಲೂ ಹ್ಯಾಂಡಲ್ ತಗ್ಗು ಅನ್ನಿಸಿದರೆ ರೈಸರ್ ಹಾಕಿಸು, ನನ್ನ ಅಡ್ಡಿಯಿಲ್ಲ. ಆದರೆ ಎರಡಿಂಚು ಜಾಸ್ತಿ ಆಯಿತು, ಒಂದಿಂಚಿನೊಳಗೆ ಇರಲಿ. ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ, ಓರೆ ಇರುತ್ತದೆ ನೋಡು, ಅದೇ ಓರೆಯಲ್ಲಿ ಎತ್ತಿದರೆ ಹ್ಯಾಂಡಲ್ ಮೇಲೆ ಹೋಗುವುದರ ಜೊತೆ ನಿನ್ನ ಹತ್ತಿರಕ್ಕೂ ಬರುತ್ತದೆ. ನಿನ್ನಂಥ ಉದ್ದ ಕೈಯವನಿಗೆ ಅದು ಇಕ್ಕಟ್ಟು.

ಹಾಕಿಸಿದ ಮೇಲೆ ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡು, ಮನೆಗೆ ಬಂದಮೇಲೆ ಅಲ್ಲ. ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಹ್ಯಾಂಡಲನ್ನು ಎಡಕ್ಕೆ ಕೊನೆವರೆಗೆ, ಬಲಕ್ಕೆ ಕೊನೆವರೆಗೆ ತಿರುಗಿಸು. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಯು ಟರ್ನ್ ಹೊಡೆಯುವಾಗ ಗಾಡಿ ತಾನೇ ಮುಂದಕ್ಕೆ ನುಗ್ಗುತ್ತದೆ. ಕ್ಲಚ್ ಕೇಬಲನ್ನೂ ನೋಡು. ಮುಂದಿನ ಚಕ್ರ ಎತ್ತಿಸಿ ಫೋರ್ಕ್ ಪೂರ್ತಿ ಇಳಿದಾಗಲೂ ಬ್ರೇಕ್ ಹೋಸ್ ಬಿಗಿಯಬಾರದು. ಬಿಗಿದರೆ ಉದ್ದದ ಹೋಸ್ ಹಾಕಿಸು, ಇಲ್ಲ ಅಂದರೆ ರೈಸರ್ ಬಿಚ್ಚಿಸು. ಬ್ರೇಕ್ ವಿಷಯದಲ್ಲಿ ಅಡ್ಜಸ್ಟ್ ಬೇಡ. ಮತ್ತೆ ಆ ವಿಡಿಯೋದಲ್ಲಿ ತೋರಿಸಿದೆಯಲ್ಲ, ಕೈ ತಲೆಮಟ್ಟಕ್ಕೆ ಹೋಗುವ ಹ್ಯಾಂಡಲ್, ಅದನ್ನು ಮರೆತುಬಿಡು. ಕೈಯಲ್ಲಿ ರಕ್ತವೂ ಓಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, ಪೊಲೀಸರು ಹಿಡಿದರೆ ನನಗೆ ಫೋನ್ ಮಾಡಬೇಡ.

ಗಾಡಿ ಓಡಿಸದ ದಿನವೂ ರಾತ್ರಿ ಕೈ ಜೋಮು ಹಿಡಿದರೆ ಅದು ಹ್ಯಾಂಡಲ್ ವಿಷಯ ಅಲ್ಲ. ಡಾಕ್ಟರಿಗೆ ತೋರಿಸು.

ಅಕ್ಕಾ, ನೀನೂ ಕೇಳಿದ್ದೆ, ಹ್ಯಾಂಡಲ್ ಎತ್ತಿಸಿದರೆ ಹಿಂದೆ ಕೂರುವ ನಿನಗೆ ಸೊಂಟನೋವು ಕಡಿಮೆ ಆಗುತ್ತಾ ಅಂತ. ಇಲ್ಲ. ಅವನು ನೆಟ್ಟಗೆ ಕೂತು ಹಿಂದೆ ಸರಿದರೆ ನಿನ್ನ ಜಾಗವೇ ಕಡಿಮೆ ಆಗುತ್ತದೆ. ನಿನಗೆ ಬೇಕಾದ್ದು ಸೀಟಿನ ಸ್ಪಂಜು ಮತ್ತು ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು. ದುರ್ಗಕ್ಕೆ ಬರುವಾಗ ಭರಮಸಾಗರದಲ್ಲಿ ಒಮ್ಮೆ ನಿಲ್ಲಿಸು ಅಂತ ಅವನಿಗೆ ಹೇಳು, ಕೇಳದಿದ್ದರೆ ನನಗೆ ಫೋನ್ ಕೊಡು.