ಸಹಾಯ ಬೇಕು: ಮಾವಿನ ದಿಮ್ಮಿ ಮೇಲೆ ಬೀಸಣಿಗೆ ಥರದ ಸಣ್ಣ ಅಣಬೆ

ಎಲ್ಲರಿಗೂ ನಮಸ್ಕಾರ. ಮಂಡ್ಯ ಪಕ್ಕದ ಹಳ್ಳಿ ನಮ್ಮದು. ಹೋದ ವರ್ಷ ಕಡಿಸಿದ ಮಾವಿನ ದಿಮ್ಮಿಗಳು ಕೊಟ್ಟಿಗೆ ಪಕ್ಕ ಬಿದ್ದಿವೆ. ಈ ಮಳೆಗೆ ತೊಗಟೆ ತುಂಬ ಸಣ್ಣ ಅಣಬೆ ಎದ್ದಿವೆ. ಹೆಬ್ಬೆರಳ ಉಗುರಿನಷ್ಟು, ದೊಡ್ಡದು ಅಂದ್ರೆ 3 ಸೆಂ.ಮೀ. ಕಾಂಡ ಇಲ್ಲವೇ ಇಲ್ಲ, ನೇರ ಮರಕ್ಕೇ ಅಂಟಿಕೊಂಡಿವೆ. ಮೇಲೆ ಬೂದು ಬಿಳಿ ಬಣ್ಣ, ಮುಟ್ಟಿದರೆ ಬೆಕ್ಕಿನ ಕಿವಿಯ ಹಾಗೆ ರೋಮ.

ಮಜಾ ಇರುವುದು ಅಡಿಯಲ್ಲಿ. ಒಂದೊಂದು ಪದರವೂ ಉದ್ದಕ್ಕೆ ಸೀಳಿದ ಹಾಗಿದೆ. ಬಿಸಿಲು ಬಂದರೆ ಆ ಅಂಚುಗಳು ಸುರುಳಿ ಸುತ್ತಿ ಅಣಬೆಯೇ ಮುದುಡಿಕೊಳ್ಳುತ್ತದೆ. ಸತ್ತೇ ಹೋಯ್ತು ಅಂತ ಸುಮ್ನೆ ಒಂದನ್ನು ಲೋಟದ ನೀರಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿಚ್ಚಿಕೊಂಡಿತು! ಓದಿ ನೋಡಿದರೆ ಸ್ಕಿಜೋಫಿಲಮ್ ಕಮ್ಯೂನ್ (Schizophyllum commune) ಅನ್ನೋ ಅಣಬೆಗೆ ಹೊಂದುತ್ತದೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆಯಂತೆ, ಮರಕ್ಕೆ ಬಿಳಿ ಕೊಳೆ (ಮರ ಬಿಳಚಿಕೊಂಡು ಮೆತ್ತಗಾಗುವುದು) ತರುತ್ತದಂತೆ. ನನ್ನ ಗುರುತು ಸರಿನಾ?

ಭಯ ಬೇರೆ ಇದೆ. ಹತ್ತು ಅಡಿ ದೂರದಲ್ಲೇ ಫಲ ಕೊಡುವ ಮಾವು ಇದೆ, ಕೊಂಬೆ ಮುರಿದ ಗಾಯವೂ ಇದೆ. ಗಾಯವಾದ ಹಸಿ ಮರಕ್ಕೂ ಇದು ಹತ್ತುತ್ತದೆ ಅಲ್ವಾ? ದಿಮ್ಮಿ ಈಗಲೇ ಸಾಗಿಸಬೇಕಾ? ಹಲಗೆ ಕೊಯ್ಸಿದರೆ ಒಳಗೆ ಗಟ್ಟಿ ಸಿಗುತ್ತಾ, ಸೌದೆಗೇ ಸರಿನಾ?

ತಿನ್ನುವ ಯೋಚನೆ ಇಲ್ಲ. ಮಣಿಪುರದಲ್ಲಿ ಇದನ್ನು ಅಡುಗೆಗೆ ಬಳಸುತ್ತಾರೆ ಅಂದರೆ ಅಮ್ಮ ನಂಬುವುದೇ ಇಲ್ಲ, "ನಾಯಿಕೊಡೆ ಕಣೋ, ಕೈ ತೊಳ್ಕೊ" ಅಂತಾರೆ.

ವಿ.ಸಿ. ಫಾರಂ ಕೃಷಿ ಕಾಲೇಜು ಅಥವಾ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದಿದವರು ಇದ್ದರೆ ದಯವಿಟ್ಟು ಹೇಳಿ. ಬಡಗಿ ಭಾನುವಾರ ಬರುತ್ತಾರೆ.