ಸೋಲೋ ಕ್ರಾಸ್ ಕಂಟ್ರಿಗೆ ಸೆಸ್ನಾ 172 ಕಾಕ್‌ಪಿಟ್‌ನಲ್ಲಿ ಏನೇನ್ ಇಟ್ಕೋಬೇಕು?

ಹಾಸನದ_ಹಕ್ಕಿ:

ಎಲ್ರಿಗೂ ನಮಸ್ಕಾರ. ನಾನು ಸ್ಯಾನ್ ಹೋಸೆಲಿದೀನಿ, ರೀಡ್-ಹಿಲ್‌ವ್ಯೂ ಏರ್‌ಪೋರ್ಟ್‌ನಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕಲೀತಿದೀನಿ, ವಿಮಾನ ಸೆಸ್ನಾ 172 ಎಸ್. ಇನ್ನೇನು ದೊಡ್ಡ ಸೋಲೋ ಕ್ರಾಸ್ ಕಂಟ್ರಿ (ಒಬ್ಳೇ ದೂರದೂರಿಗೆ ಹಾರಿ ಬರೋದು) ಹತ್ರ ಬಂತು, ಅದೇ 150 ನಾಟಿಕಲ್ ಮೈಲಿದು, ಮೂರು ಕಡೆ ಇಳೀಬೇಕಲ್ಲ ಅದು. ಇಲ್ಲಿಂದ ಮರ್ಸೆಡ್, ಅಲ್ಲಿಂದ ಫ್ರೆಸ್ನೊ, ಆಮೇಲೆ ವಾಪಸ್ ಅಂತ ಪ್ಲಾನು.

ವಿಷ್ಯ ಏನಂದ್ರೆ ಯೂಟ್ಯೂಬ್ ನೋಡಿ ನೋಡಿ ನನ್ ಲಿಸ್ಟ್ ಬೆಳೀತಾನೇ ಇದೆ. ನಾಯ್ಸ್ ಕ್ಯಾನ್ಸಲ್ ಮಾಡೋ ಹೆಡ್‌ಸೆಟ್ ಇದೆ, ಐಪ್ಯಾಡ್ ಮಿನಿ, ಅದನ್ನ ಯೋಕ್‌ಗೆ (ವಿಮಾನದ ಸ್ಟೀರಿಂಗ್‌ಗೆ) ಸಿಕ್ಕಿಸೋ ಮೌಂಟು, ತೊಡೆಗೆ ಕಟ್ಕೊಳೋ ನೀಬೋರ್ಡು, ಪವರ್ ಬ್ಯಾಂಕು, ಪೇಪರ್ ಚಾರ್ಟು, ಎರಡು ಟಾರ್ಚು, ಫ್ಯೂಯೆಲ್ ಟೆಸ್ಟರು, ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರು, ಫಸ್ಟ್ ಏಡು, ನೀರು, ತಿಂಡಿ, ಈಗ ಕೈಲಿ ಹಿಡಿಯೋ ರೇಡಿಯೋ ಬೇರೆ ತಗೋಬೇಕಾ ಅಂತ ಯೋಚನೆ. ಇನ್‌ಸ್ಟ್ರಕ್ಟರ್ ಕೇಳಿದ್ರೆ ಕಮ್ಮಿ ಇದ್ದಷ್ಟೂ ಒಳ್ಳೇದು ಅಂದು ಸುಮ್ಮನಾದ್ರು. ನಮ್ಮನೆಯವ್ರಂತೂ ಬ್ಯಾಗ್ ನೋಡಿ ಹನಿಮೂನ್‌ಗೂ ಇಷ್ಟು ಲಗೇಜ್ ತಂದಿರ್ಲಿಲ್ಲ ನೀನು ಅಂತಾರೆ. ಇದ್ರಲ್ಲಿ ಯಾವ್ದು ಬೇಕು ಯಾವ್ದು ಬೇಡ ಹೇಳ್ತೀರಾ?

ಹಳೇ_ಪ್ರೊಪೆಲ್ಲರ್:

ಮುಖ್ಯವಾದ್ದೇ ನಿಮ್ ಲಿಸ್ಟಲ್ಲಿ ಇಲ್ವಲ್ಲ ತಂಗಿ, ಲಾಗ್‌ಬುಕ್! ಸ್ಟೂಡೆಂಟ್ ಪೈಲಟ್ ಸೋಲೋ ಕ್ರಾಸ್ ಕಂಟ್ರಿ ಹೋಗುವಾಗ ಇನ್‌ಸ್ಟ್ರಕ್ಟರ್ ಎಂಡಾರ್ಸ್‌ಮೆಂಟ್ (ಒಪ್ಪಿಗೆ) ಬರೆದಿರೋ ಲಾಗ್‌ಬುಕ್ ಜೊತೇಲೇ ಇರ್ಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎದು ರೂಲೇ ಇದೆ. ಸ್ಟೂಡೆಂಟ್ ಸರ್ಟಿಫಿಕೇಟ್, ಮೆಡಿಕಲ್, ಫೋಟೋ ಐಡಿ, ಇವೂ ಅಷ್ಟೇ. ಬೇರೆ ಯಾವ ಸಾಮಾನು ಮರೆತ್ರೂ ನಡಿಯತ್ತೆ, ಇವು ಮರೆತ್ರೆ ಹೊರಡೋ ಹಾಗೇ ಇಲ್ಲ.

ತೂಕದ ತಲೆಬಿಸಿ ನಿಮಗಿಲ್ಲ. 172 ಎಸ್ ಗರಿಷ್ಠ ಟೇಕಾಫ್ ತೂಕ 2550 ಪೌಂಡು, ಟ್ಯಾಂಕ್ ಪೂರ್ತಿ ತುಂಬ್ಸಿದ್ರೆ ಬಳಕೆಗೆ ಸಿಗೋದು 53 ಗ್ಯಾಲನ್, ಅಂದ್ರೆ 318 ಪೌಂಡು, ನೀವೊಬ್ರೇ ಹೋಗ್ತಿರೋದು. ಲೆಕ್ಕ ಹಾಕ್ಲೇಬೇಕು, ಆದ್ರೆ ಬ್ಯಾಗಿಂದ ಏನೂ ತೊಂದ್ರೆ ಆಗಲ್ಲ. ನಾಲ್ಕು ಜನ ದೊಡ್ಡೋರು ಕೂತು ಟ್ಯಾಂಕೂ ತುಂಬ್ಸಿದ ದಿನ ನೋಡಿ ಇರೋದು ಕಷ್ಟ. ನಿಮಗೆ ಕಮ್ಮಿ ಇರೋದು ಕೈಗೆಟುಕೋ ಜಾಗ. ಒಂದು ಕೆಲ್ಸ ಮಾಡಿ, ವಿಮಾನ ನಿಂತಿರುವಾಗ್ಲೇ ಸೀಟಲ್ಲಿ ಕೂತು ಬೆಲ್ಟು ಶೋಲ್ಡರ್ ಹಾರ್ನೆಸ್ಸು ಎಲ್ಲಾ ಬಿಗಿದು, ಎಡಗೈ ಯೋಕ್ ಮೇಲೆ, ಕಣ್ಣು ಎದುರಿಗೆ. ಈಗ ಬಲಗೈಗೆ ತಡಕಾಡಿದ್ರೆ ಏನೇನ್ ಸಿಗತ್ತೋ ಅಷ್ಟೇ ನಿಮ್ ಹತ್ರ ಇರೋದು, ಹಿಂದಿನ ಸೀಟಲ್ಲಿರೋದು ಸ್ಯಾನ್ ಹೋಸೆ ಮನೇಲೇ ಇದ್ದಂಗೆ.

ಬಲಗಡೆ ಸೀಟು ಖಾಲಿ ಇರತ್ತಲ್ಲ, ಬ್ಯಾಗ್ ಅಲ್ಲಿಟ್ಟು ಬೆಲ್ಟ್ ಹಾಕ್ಬಿಡಿ, ಆದ್ರೆ ಚಿಕ್ಕ ಬ್ಯಾಗು. ಬಲಗಡೆ ಯೋಕನ್ನೂ ಪೂರ್ತಿ ಹಿಂದಕ್ಕೆ ಎಳೆದು ಎರಡೂ ಕಡೆ ತಿರುಗಿಸಿ ನೋಡಿ, ಬ್ಯಾಗಿಗೆ ತಾಗಬಾರ್ದು, ಇಳಿಯೋ ಕೊನೇ ಗಳಿಗೇಲಿ ಮೂತಿ ಎತ್ತೋ (ಫ್ಲೇರ್) ಹೊತ್ತಲ್ಲಿ ಅದು ಅಡ್ಡ ಬಂದ್ರೆ ಕತೆ ಮುಗೀತು. ನಿಮ್ ಐಪ್ಯಾಡ್ ಮೌಂಟ್‌ಗೂ ಇದೇ ಟೆಸ್ಟು, ಹೊಟ್ಟೆಗೋ ತೊಡೆಗೋ ತಾಗತ್ತಾ ನೋಡ್ಕೊಳಿ. ನೀರಿನ ಬಾಟ್ಲಿ ಮಾತ್ರ ದಯವಿಟ್ಟು ನೆಲದ ಮೇಲೆ ಬಿಡ್ಬೇಡಿ, ಉರುಳ್ಕೊಂಡು ರಡ್ಡರ್ ಪೆಡಲ್ ಕೆಳಗೆ ಹೋಗಿ ಕೂತ್ಕೊಳತ್ತೆ.

ರೇಡಿಯೋ ಬೇಡ ಅನ್ನೋದು ನನ್ನ ಅಭಿಪ್ರಾಯ. ಇರೋ ರೇಡಿಯೋ ಸತ್ರೆ ಟ್ರಾನ್ಸ್‌ಪಾಂಡರ್‌ನಲ್ಲಿ (ರೇಡಾರ್‌ಗೆ ನಮ್ಮ ಕೋಡ್ ಕಳ್ಸೋ ಸಾಧನ) ರೇಡಿಯೋ ಕೆಟ್ಟಿದೆ ಅನ್ನೋ ಕೋಡ್ 7600 ಹಾಕಿ, ಟವರ್‌ನೋರು ಲೈಟ್ ಗನ್‌ನಿಂದ ಬಣ್ಣದ ಬೆಳಕಿನ ಸಂಕೇತ ಬಿಡ್ತಾರೆ. ಹಾರ್ತಿರುವಾಗ ಒಂದೇ ಸಮ ಹಸಿರು ಅಂದ್ರೆ ಇಳೀಬಹುದು, ಒಂದೇ ಸಮ ಕೆಂಪು ಅಂದ್ರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತು ಹೊಡೀತಿರಿ, ಮಿನುಗೋ ಕೆಂಪು ಅಂದ್ರೆ ಇಲ್ಲಿ ಇಳೀಬೇಡಿ. ಅದನ್ನ ಒಂದು ಚೀಟೀಲಿ ಬರೆದು ನೀಬೋರ್ಡ್‌ಗೆ ಅಂಟಿಸ್ಕೊಳಿ, ಖರ್ಚೂ ಇಲ್ಲ ಚಾರ್ಜೂ ಬೇಡ.

ಕುಡ್ಲ_ಟು_ಫೀನಿಕ್ಸ್:

ರೇಡಿಯೋ ಬೇಡ ಅಂತ ಹೇಳ್ಬೇಡಿ ಮಾರಾಯ್ರೆ. ಲೈಟ್ ಗನ್ ಎಲ್ಲ ಸರಿ, ಆದ್ರೆ ಅದು ಟವರ್ ಇರುವಲ್ಲಿ ಮಾತ್ರ ಅಲ್ವಾ. ಆಲ್ಟರ್ನೇಟರ್ ಹೋಗಿ ಬ್ಯಾಟರಿಯೂ ಇಳಿದ್ರೆ ಆ ಟ್ರಾನ್ಸ್‌ಪಾಂಡರ್ ಕೂಡ ಸತ್ತ ಹಾಗೇ, 7600 ಯಾರಿಗೆ ತೋರಿಸ್ತೀರಿ? ತಗೊಳ್ಳುದಾದ್ರೆ ಹೆಡ್‌ಸೆಟ್ ಸಿಕ್ಕಿಸುವ ಅಡಾಪ್ಟರ್ ಒಟ್ಟಿಗೇ ತಗೊಳ್ಳಿ, ಅದಿಲ್ಲದೆ ಇಂಜಿನ್ ಶಬ್ದದಲ್ಲಿ ಒಂದಕ್ಷರ ಕೇಳುದಿಲ್ಲ. ಕ್ಯಾಬಿನ್ ಒಳಗೆ ಆ ಗಿಡ್ಡ ಆಂಟೆನಾದಲ್ಲಿ ತುಂಬಾ ದೂರ ಹೋಗುದಿಲ್ಲ ಅದೂ ನಿಜ, ಆದ್ರೆ ಏರ್‌ಪೋರ್ಟ್ ಹತ್ರ ಬಂದ್ಮೇಲೆ ಸಾಕಾಗ್ತದೆ.

ನಾನು ಹೇಳ್ಬೇಕು ಅಂದ್ಕೊಂಡದ್ದು ಐಪ್ಯಾಡ್ ವಿಷಯ. ಆಪಲ್‌ನವ್ರೇ ಕೊಟ್ಟಿರುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಫ್ರೆಸ್ನೊ ಕಡೆ ಬೇಸಿಗೆ ಮಧ್ಯಾಹ್ನ 40 ದಾಟುದು ಏನೂ ಹೊಸತಲ್ಲ, ಅದ್ರ ಮೇಲೆ ಯೋಕ್‌ನಲ್ಲಿ ನೇರ ಬಿಸಿಲು ಬೀಳ್ತದೆ, ಚಾರ್ಜಿಗೂ ಹಾಕಿದ್ರೆ ಇನ್ನೂ ಬೇಗ ಬಿಸಿಯಾಗಿ ಆಫ್ ಆಗ್ತದೆ. ಇಲ್ಲಿ ಫೀನಿಕ್ಸಿನಲ್ಲಿ ಇದು ದಿನಾ ನೋಡುವ ಸಂಗತಿ. ದಪ್ಪ ಕವರ್ ತೆಗೀರಿ, ಏರ್ ವೆಂಟ್ ಗಾಳಿ ತಾಗುವ ಹಾಗೆ ಇಡಿ, ಫ್ರೆಸ್ನೊದಲ್ಲಿ ನಿಲ್ಲಿಸಿ ಇಳಿಯುವಾಗ ಕೈಲೇ ತಗೊಂಡು ಹೋಗಿ. ಅದೇ ಚಾರ್ಟ್ ಫೋನಿಗೂ ಡೌನ್‌ಲೋಡ್ ಮಾಡಿಡಿ, ಫೋನ್ ನೆರಳಲ್ಲಿ ಇರ್ಲಿ. ಪೇಪರ್ ಸೆಕ್ಷನಲ್ (ಪೈಲಟ್‌ಗಳ ನಕ್ಷೆ) ಒಂದು ಬೇಕೇ ಬೇಕು, ನಿಮ್ಮ ದಾರಿ ಪೂರಾ ಸ್ಯಾನ್ ಫ್ರಾನ್ಸಿಸ್ಕೊ ಶೀಟಿನಲ್ಲೇ ಬರ್ತದೆ, 56 ದಿನಕ್ಕೊಮ್ಮೆ ಹೊಸತು ಬರುದ್ರಿಂದ ತಾರೀಕು ನೋಡಿ ತಗೊಳ್ಳಿ. ಎರಡನೇ ಐಪ್ಯಾಡ್ ತಗೊಳ್ಳುವವರೂ ಇದ್ದಾರೆ, ಅದೂ ಅದೇ ಬಿಸಿಲಲ್ಲಿ ಸಾಯುದಲ್ವಾ!

ಪವರ್ ಬ್ಯಾಂಕ್ ಸೀಟಿನ ಸಂದಿಯಲ್ಲಿ ತುರುಕಬೇಡಿ, ಸೀಟು ಸರಿಸುವಾಗ ಜಜ್ಜಿ ಹೋದ್ರೆ ಲಿಥಿಯಂ ಬೆಂಕಿ. ಹಾಲಾನ್ ಗ್ಯಾಸಿನ ಬೆಂಕಿ ಆರಿಸುವ ಎಕ್ಸ್‌ಟಿಂಗ್ವಿಷರ್ ಜ್ವಾಲೆ ಆರಿಸ್ತದೆ, ಬ್ಯಾಟರಿಯನ್ನು ತಣ್ಣಗೆ ಮಾಡುದಿಲ್ಲ, ಅದಕ್ಕೆ ನೀರೇ ಬೇಕು. ಹಾಗಾಗಿ ಬಾಟ್ಲಿ ಕುಡಿಲಿಕ್ಕೆ ಮಾತ್ರ ಅಂತ ಲೆಕ್ಕ ಹಾಕ್ಬೇಡಿ.

ಜಕ್ಕೂರ್_ರನ್‌ವೇ:

ನಾನು ಬೆಂಗಳೂರಲ್ಲೇ ಕಲಿತಿದ್ದು, ಅದೂ ಎರಡೇ ಸೀಟಿನ ಸೆಸ್ನಾ 152ರಲ್ಲಿ. ಅದ್ರಲ್ಲಿ ಪಕ್ಕದವರ ಭುಜ ನಮ್ ಭುಜಕ್ಕೆ ತಾಗ್ತಿರತ್ತೆ, ಗರಿಷ್ಠ ತೂಕ ಬರೀ 1670 ಪೌಂಡು, ಬೆಂಗಳೂರು ಬೇರೆ ಸುಮಾರು 3000 ಅಡಿ ಮೇಲಿದೆ, ಏಪ್ರಿಲ್ ಮಧ್ಯಾಹ್ನ ಆ ತೆಳು ಬಿಸಿ ಗಾಳೀಲಿ ವಿಮಾನ ಏರೋಕೆ ಒದ್ದಾಡ್ತಿರತ್ತೆ, ಹಂಗಾಗಿ ನಮಗೆ ಏನು ತರ್ಬೇಕು ಅನ್ನೋ ಪ್ರಶ್ನೇನೇ ಇರ್ಲಿಲ್ಲ, ಹೆಡ್‌ಸೆಟ್, ನೀಬೋರ್ಡ್, ಮ್ಯಾಪು, ಪೆನ್ಸಿಲ್ಲು, ಅಷ್ಟೇ. ಆ ಹ್ಯಾಂಡ್‌ಹೆಲ್ಡ್ ರೇಡಿಯೋ ನಮ್ ದೇಶದಲ್ಲಿ ಲೈಸೆನ್ಸ್ ಇಲ್ದೆ ಇಟ್ಕೊಳೋ ಹಾಗೇ ಇಲ್ಲ, ಯಾರಾದ್ರೂ ಅಮೆರಿಕದಿಂದ ತರೋ ಪ್ಲಾನ್ ಇದ್ರೆ ಬಿಟ್ಬಿಡಿ.

ಅಕ್ಕ, ಎರಡು ಸಣ್ಣ ವಿಷ್ಯ. ಪೆನ್ಸಿಲ್ಲಿಗೆ ದಾರ ಕಟ್ಟಿ ನೀಬೋರ್ಡ್‌ಗೆ ಗಂಟು ಹಾಕಿ, ಬಿದ್ದಿದ್ದನ್ನ ಹುಡುಕೋಕೆ ಬಗ್ಗಿ ಮೇಲೆದ್ದಾಗ ತಲೆ ತಿರುಗಿ ವಿಮಾನ ಯಾವ ಕಡೆ ವಾಲಿದೆ ಅಂತಾನೇ ಗೊತ್ತಾಗಲ್ಲ. ಇನ್ನೊಂದು, ಮ್ಯಾಗ್ನೆಟ್ ಇರೋ ಫೋನ್ ಕವರು, ಹೆಡ್‌ಸೆಟ್ಟು ಇವನ್ನೆಲ್ಲ ಗ್ಲೇರ್‌ಶೀಲ್ಡ್ (ಪ್ಯಾನೆಲ್ ಮೇಲಿನ ಹಲಗೆ) ಮೇಲೆ ಕಂಪಾಸ್ ಹತ್ರ ಇಡ್ಬೇಡಿ, ಸೂಜಿ ಎಲ್ಲೆಲ್ಲೋ ತೋರ್ಸತ್ತೆ, ನೀವು ಅದನ್ನ ನಂಬಿ ಹೆಡಿಂಗ್ ಸೆಟ್ ಮಾಡ್ಕೊಂಡ್ರೆ ಮರ್ಸೆಡ್ ಬದ್ಲು ಇನ್ನೆಲ್ಲಿಗೋ. ಕೂಲಿಂಗ್ ಗ್ಲಾಸ್ ಪೋಲರೈಸ್ಡ್ ಆಗಿದ್ರೆ ಸ್ಕ್ರೀನ್ ಕಪ್ಪಾಗಿ ಕಾಣತ್ತೆ, ಅದೂ ನೋಡ್ಕೊಳಿ.

ಹಾಸನದ_ಹಕ್ಕಿ:

ಎಲ್ರಿಗೂ ಥ್ಯಾಂಕ್ಸ್. ಹೋಗಿ ಕೂತು ನೋಡ್ದೆ, ನನ್ ದೊಡ್ಡ ಬ್ಯಾಗು ಬಲಗಡೆ ಯೋಕ್‌ಗೆ ತಾಗೇ ತಾಗತ್ತೆ. ಈಗ ಚಿಕ್ಕ ಬ್ಯಾಗಿಗೆ ಬಂದಿದೀನಿ, ಫಸ್ಟ್ ಏಡು ಒಂದು ಟಾರ್ಚು ಹಿಂದೆ ಲಗೇಜ್ ಜಾಗಕ್ಕೆ ಹೋಯ್ತು, ಐಪ್ಯಾಡು ಯೋಕಿಂದ ತೊಡೆಗೆ ಬಂತು, ಬಿಸಿಲೂ ಕಮ್ಮಿ ಬೀಳತ್ತೆ. ರೇಡಿಯೋ ಕ್ಲಬ್‌ನಲ್ಲಿ ಒಬ್ರ ಹತ್ರ ಇದೆ, ಸದ್ಯಕ್ಕೆ ಅಡಾಪ್ಟರ್ ಸಮೇತ ಅದನ್ನೇ ಕೇಳಿ ತಗೊಂಡು ಹೋಗ್ತೀನಿ, ಇಬ್ರ ಮಾತೂ ಉಳಿದಂಗೆ ಆಯ್ತು 😄 ಟಾರ್ಚ್ ಕೆಂಪು ಬೆಳಕಿಂದು ಇಟ್ಕೊಳ್ಳಾ ಬಿಳೀದಾ? ಆಮೇಲೆ ಮೊನಾಕ್ಸೈಡ್ ಡಿಟೆಕ್ಟರ್ ಬೇಸಿಗೇಲೂ ಬೇಕಾ?

ಹಳೇ_ಪ್ರೊಪೆಲ್ಲರ್:

ಬಿಳೀದು. ಕೆಂಪು ಬೆಳಕಲ್ಲಿ ಚಾರ್ಟ್ ಮೇಲಿನ ಮೆಜೆಂಟಾ ಬಣ್ಣ ಮಾಯ ಆಗ್ಬಿಡತ್ತೆ, ಟವರ್ ಇಲ್ದಿರೋ ಏರ್‌ಪೋರ್ಟ್‌ಗಳೆಲ್ಲ ಅದೇ ಬಣ್ಣದಲ್ಲಿರೋದು. ಹಗಲು ಹಾರಾಟಕ್ಕೆ ಹೇಗೂ ಟಾರ್ಚಿನ ಕೆಲ್ಸ ಪ್ರೀಫ್ಲೈಟ್‌ನಲ್ಲಿ (ಹೊರಡೋ ಮುಂಚಿನ ತಪಾಸಣೆ) ಇಂಜಿನ್ ಒಳಗೆ ಇಣುಕೋದಷ್ಟೇ.

ಡಿಟೆಕ್ಟರ್ ಇರ್ಲಿ, ಬೀಪ್ ಮಾಡೋ ಡಿಜಿಟಲ್ದು. 172ರಲ್ಲಿ ಹೀಟರ್ ಗಾಳಿ ಎಕ್ಸಾಸ್ಟ್ ಮಫ್ಲರ್ ಸುತ್ತ ಬಿಸಿಯಾಗಿ ಒಳಗೆ ಬರೋದು, ಹಂಗಾಗಿ ಅಪಾಯ ಜಾಸ್ತಿ ಚಳೀಲೇ, ಆದ್ರೆ ಎಕ್ಸಾಸ್ಟ್ ಬಿರುಕು ಬಿಟ್ರೆ ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಫೈರ್‌ವಾಲ್ ಸಂದಿಯಿಂದ್ಲೂ ಬರ್ಬೋದು, ಆ ಗ್ಯಾಸಿಗೆ ವಾಸನೆ ಇಲ್ಲ. ಚುಕ್ಕೆ ಬಣ್ಣ ಬದಲಾಗೋ ಕಾರ್ಡ್ ನಂಬ್ಕೋಬೇಡಿ, ಅದನ್ನ ನೀವೇ ಕಣ್ಣಿಟ್ಟು ನೋಡ್ಬೇಕು, ಮಂಪರು ಹತ್ತಿದ ಮೇಲೆ ಯಾರು ನೋಡ್ತಾರೆ. ಕಿವಿಗೆ ಹೆಡ್‌ಸೆಟ್ ಇರತ್ತಲ್ಲ, ಲೈಟ್ ಕೂಡ ಮಿನುಗೋ ಮಾಡೆಲ್ ತಗೊಂಡು ಪ್ಯಾನೆಲ್ ಮೇಲೆ ಕಣ್ಣಿಗೆ ಬೀಳೋ ಕಡೆ ಅಂಟಿಸಿ.