ಸಹಾಯ ಬೇಕು: ಪ್ಲೇಯರ್ ಪಿಯಾನೋದ ತಿದಿ ಬಿಡಿಸುವಾಗ ಮರ ಸೀಳುತ್ತಿದೆ

1920ರ ಆಸುಪಾಸಿನ ಅಮೆರಿಕದ ಅಪ್‌ರೈಟ್, 88 ಸ್ವರದ್ದು; ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಗಾಳಿಯ ಬಲದಿಂದ ತಾನೇ ನುಡಿಯುವ ಪಿಯಾನೋ. ಸ್ಟ್ಯಾಕ್ (ಸ್ವರಕ್ಕೊಂದರಂತೆ ಪುಟ್ಟ ತಿದಿಗಳಿರುವ ಭಾಗ) ಹೊರಗೆ ತೆಗೆದಾಗಿದೆ. ಸುರುಳಿಯ ತೂತುಗಳನ್ನು ಓದುವ ಟ್ರ್ಯಾಕರ್ ಬಾರ್‌ನ ಕೊಳವೆಗಳಿಗೆ ಎಡದಿಂದ 1ರಿಂದ 88ರವರೆಗೆ ಚೀಟಿ ಕಟ್ಟಿ, ಫೋಟೋ ಹಿಡಿದೇ ಕಳಚಿದ್ದು. ಕೊಳವೆ ಸೀಸದ್ದು, ಬಿಳಿ ಪುಡಿ ಉದುರುತ್ತೆ. ಮಾಸ್ಕ್, ಒದ್ದೆ ಬಟ್ಟೆ ಇಲ್ಲದೆ ಯಾರೂ ಮುಟ್ಟಬೇಡಿ.

ತಿದಿಗಳು ಮೂರು ಹಲಗೆಗಳಲ್ಲಿವೆ. ಮೇಲಿನ ಎರಡರಲ್ಲಿ ಹಳೇ ಚರ್ಮದಂಟು. ಮರದ ನಾರಿನ ದಿಕ್ಕಿಗೇ ಅಗಲ ಪಟ್ಟಿಯ ತೆಳು ಚಾಕು ತೂರಿಸಿ ಸುತ್ತಿಗೆಯಲ್ಲಿ ಒಂದೇಟು ತಟ್ಟಿದರೆ ಟಕ್ಕಂತ ಬಿಟ್ಟುಕೊಳ್ಳುತ್ತೆ. ಕೆಳಗಿನ ಹಲಗೆಯದೇ ತಲೆನೋವು. ಹಿಂದೆ ರಿಪೇರಿ ಮಾಡಿದವರು ಬಡಗಿಗಳ ಬಿಳಿ ಅಂಟು (ಪಿವಿಎ) ಬಳಿದಿದ್ದಾರೆ. ಅದು ಒಡೆಯಲ್ಲ, ರಬ್ಬರಿನ ಹಾಗೆ ಎಳೆಯುತ್ತೆ. ಚಾಕು ಹಲಗೆಯೊಳಕ್ಕೇ ಇಳಿದು ಸಿಬಿರು ಏಳುತ್ತೆ. ಕೆಳಗೇ ಗಾಳಿಯ ಕಾಲುವೆಗಳಿವೆ. ನಡುವಿನ ಗೋಡೆ ಬಿರಿದರೆ ಪಕ್ಕದ ಸ್ವರಕ್ಕೆ ಗಾಳಿ ಸೋರಿ, ಒಂದು ಕೀ ಬಿದ್ದಾಗ ಇನ್ನೊಂದೂ ಬೀಳುತ್ತೆ.

ಇಸ್ತ್ರಿಪೆಟ್ಟಿಗೆ ಶಾಖಕ್ಕೆ ಅಂಟು ಮೆದುವಾಯ್ತು, ಆದರೆ ಕಾಲುವೆಯ ಷೆಲ್ಲಾಕ್ (ಗಾಳಿ ಸೋರದಂತೆ ಬಳಿದ ಅರಗಿನ ಲೇಪ) ಗುಳ್ಳೆ ಎದ್ದಿತು. ಬಿಸಿ ವಿನೆಗರ್‌ಗೆ ಅಂಟು ಬಿಡುತ್ತೆ, ಮರವೂ ಉಬ್ಬುತ್ತೆ.

ಪಿವಿಎ ಬಿಡಿಸಿದವರು ಹೇಳಿ: ಷೆಲ್ಲಾಕ್ ಕೆಡದ ಹಾಗೆ ಶಾಖ ಕೊಡೋದು ಹೇಗೆ? ಇಲ್ಲಾ, ತಿದಿಗಳನ್ನು ಗರಗಸದಿಂದ ಕೊಯ್ದು, ಉಳಿದ ಮರವನ್ನು ಹಲಗೆ ಮಟ್ಟಕ್ಕೆ ಹತ್ತರಿ ಹಿಡಿದು, ಸುಮಾರು 30 ತಿದಿ ಹೊಸದಾಗೇ ಮಾಡೋದು ವಾಸಿಯಾ?